ಕಾವೇರಿ ಅಡ್ಡ ನಿಂತ ದಿನ

ನನ್ನ ಡೈರಿಯ ಪ್ರತಿ ಪುಟವೂ ಒಂದು ಅಂಕಿಯಿಂದ ಶುರುವಾಗುತ್ತದೆ. ತಾರೀಕಿನ ಕೆಳಗೆ, ಎಡಗಡೆ, ಒಂದೇ ಒಂದು ಅಂಕಿ. ಇಪ್ಪತ್ತೇಳು. ಇಪ್ಪತ್ತೇಳು. ಇಪ್ಪತ್ತಾರು. ಅದರ ಕೆಳಗೆ ನಾನು ಯಾರಿಗೂ ಹೇಳದ ಮಾತುಗಳು. ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ರಮ್ಯ ಒಂದು ದಿನ ಡೈರಿ ಕಸಿದು ನೋಡಿ, "ಇದೇನೇ ನಯನ, ದಿನಾ ನಿಂಗೆ ನೀನೇ ಮಾರ್ಕ್ಸ್ ಕೊಟ್ಕೋತೀಯಾ?" ಎಂದಿದ್ದಳು. ನಾನು ನಕ್ಕು ಡೈರಿ ವಾಪಸ್ಸು ಕಿತ್ತುಕೊಂಡಿದ್ದೆ. ಅದು ನಮ್ಮ ಹೊಳೆಯ ಅಂಕಿ ಎಂದು ಹೇಳಲು ನಾಲ್ಕು ಮಾತು ಬೇಕು. ಆ ನಾಲ್ಕು ಮಾತು ನನ್ನ ಬಾಯಿಂದ ಬರುವಷ್ಟರಲ್ಲಿ ಲೆಕ್ಚರರ್ ಒಳಗೆ ಬಂದಿರುತ್ತಾರೆ.

ನಮ್ಮೂರು ತೊರೆಕೊಪ್ಪಲು. ನಂಜನಗೂಡನ್ನು ದಾಟಿ ಬಂದ ಕಪಿಲೆ, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರಲು ಇನ್ನು ನಾಲ್ಕು ಕಿಲೋಮೀಟರ್ ಇದೆ ಎನ್ನುವಾಗ ನಮ್ಮೂರ ಮುಂದೆ ಹಾಯುತ್ತಾಳೆ. ದಡದ ಮೇಲೆ ಬಸವೇಶ್ವರನ ಗುಡಿ. ಗುಡಿಯ ಮುಂದಿನಿಂದ ಹೊಳೆಗೆ ಇಳಿಯಲು ನಲವತ್ತೊಂದು ಕಲ್ಲಿನ ಮೆಟ್ಟಿಲು. ದಿನಾ ಬೆಳಗ್ಗೆ ನಮ್ಮ ಮನೆಯ ಹೆಣ್ಣೊಬ್ಬಳು ಅಲ್ಲಿಂದ ಒಂದು ಕೊಡ ನೀರು ತಂದು ಬಸವಣ್ಣನ ಅಭಿಷೇಕಕ್ಕೆ ಕೊಡಬೇಕು. ಕೊಡ ತುಂಬಿದ ಮೇಲೆ ನೀರಿನ ಅಂಚಿನಲ್ಲೇ ನಿಂತು, ಮೇಲಿನಿಂದ ಎಷ್ಟು ಮೆಟ್ಟಿಲು ಒಣಗಿವೆ ಎಂದು ಕೂಗಿ ಹೇಳಬೇಕು. ಗುಡಿಯಲ್ಲಿ ಪೂಜೆ ಮಾಡುವ ತಮ್ಮಡಪ್ಪ ಅದನ್ನು ಕೇಳಿ ಗಂಟೆ ಬಾರಿಸಬೇಕು. ಇದನ್ನು ಯಾರು ಮಾಡಿಟ್ಟರೋ ಗೊತ್ತಿಲ್ಲ. ನಮ್ಮ ಮನೆಗೆ ಸೊಸೆಯಾಗಿ ಬಂದವರೇ ಕೂಗುತ್ತಾ ಬಂದಿದ್ದಾರೆ.

ನನ್ನ ಅಜ್ಜಿ ಸಿದ್ದಲಿಂಗಮ್ಮ ನಲವತ್ತಾರು ವರ್ಷ ಕೂಗಿದಳು. "ಬಸವಣ್ಣೋ... ಇಪ್ಪತ್ತೇಳು ಒಣಾ..." ಎಂದು ಅವಳು ರಾಗ ಎಳೆದರೆ ಎದುರು ದಡದಲ್ಲಿ ಮೇಯುತ್ತಿದ್ದ ಎಮ್ಮೆಗಳು ತಲೆ ಎತ್ತುತ್ತಿದ್ದವಂತೆ. ಆ ಮೆಟ್ಟಿಲ ಕಟ್ಟೆಯ ಪಕ್ಕದಲ್ಲೇ ತಗ್ಗಿನಲ್ಲಿ ಕೆಳಬೀದಿ, ಮೂವತ್ತು ಮನೆ. ಅವರು ಏಳುತ್ತಿದ್ದದ್ದೇ ಆ ಕೂಗಿಗೆ. ಒಣ ಮೆಟ್ಟಿಲು ಹತ್ತಕ್ಕಿಂತ ಕಡಿಮೆ ಎಂದು ಕೇಳಿಸಿದರೆ ಪಾತ್ರೆ ಪಗಡ ಅಟ್ಟಕ್ಕೇರಿಸುತ್ತಿದ್ದರು. ಏಳು ಎಂದರೆ ದನ ಬಿಚ್ಚುತ್ತಿದ್ದರು. ನಾಲ್ಕಕ್ಕೆ ಬಂದರೆ ನೀರು ಬೀದಿಗೇ ಬರುತ್ತದೆ.

ನಾನು ಪಿಯುಸಿಗೆ ಸೇರಿದ ವರ್ಷ ಅಜ್ಜಿಯ ಮಂಡಿ ಕೈಕೊಟ್ಟಿತು. ಅಮ್ಮ ತೀರಿಹೋಗಿ ಎರಡು ವರ್ಷ ಆಗಿತ್ತು. ಕೊಡ ನನ್ನ ಸೊಂಟಕ್ಕೆ ಬಂತು.

ಮೊದಲ ದಿನ ನೀರಿನ ಅಂಚಿನಲ್ಲಿ ನಿಂತು ಬಾಯಿ ತೆರೆದೆ. ಎದುರು ದಡದಲ್ಲಿ ಯಾರೋ ಟ್ರ್ಯಾಕ್ಟರ್ ತೊಳೆಯುತ್ತಿದ್ದವರು ನನ್ನ ಕಡೆ ನೋಡಿದರು. ಬಾಯಿ ಮುಚ್ಚಿದೆ. ಮೇಲೆ ಹತ್ತಿ ಬಂದು ತಮ್ಮಡಪ್ಪನವರ ಪಕ್ಕ ನಿಂತು ಮೆಲ್ಲಗೆ ಹೇಳಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಗಂಟೆ ಬಾರಿಸಿದರು. ಅಂದಿನಿಂದ ಹಾಗೇ ಆಯಿತು. ಕೂಗಬೇಕಾಗಿದ್ದನ್ನು ನಾನು ಡೈರಿಯಲ್ಲಿ ಬರೆಯತೊಡಗಿದೆ. ಬರೆಯುವುದು ನನಗೆ ಸುಲಭ. ಮೊದಮೊದಲು ಕೆಳಬೀದಿಯವರು, "ಕೂಗೇ ಕೇಳಲ್ವಲ್ಲ, ಅಜ್ಜಿಗೆ ಉಸಾರಿಲ್ವಾ?" ಎಂದು ವಿಚಾರಿಸಿದರು. ಆಮೇಲೆ ಫೋನಿನಲ್ಲಿ ಡ್ಯಾಮಿನ ಸುದ್ದಿ ಬರತೊಡಗಿತು. ವಿಚಾರಿಸುವುದನ್ನು ಬಿಟ್ಟರು.

ಏಳು ವರ್ಷದ ಏಳು ಡೈರಿ ನನ್ನ ಹತ್ತಿರ ಇವೆ. ಒಂದು ದಿನವೂ ತಪ್ಪಿಲ್ಲ. ಬಿ.ಎ.ಯಲ್ಲಿ ಭೂಗೋಳ ತೆಗೆದುಕೊಂಡ ಮೇಲೆ ಅಂಕಿಯ ಪಕ್ಕ ಎರಡು ಡ್ಯಾಮಿನ ಹೊರಹರಿವನ್ನೂ ಪೇಪರಿನಿಂದ ನೋಡಿ ಬರೆಯತೊಡಗಿದೆ. ಕಪಿಲೆಗೆ ನೀರು ಬಿಡುವ ಕಬಿನಿಯದು ಒಂದು, ಕಾವೇರಿಗೆ ಬಿಡುವ ಕೆಆರ್‌ಎಸ್‌ನದು ಇನ್ನೊಂದು. ಎರಡೂ ನಮ್ಮವೇ ಎಂದು ಅನ್ನಿಸುತ್ತಿತ್ತು, ಅಷ್ಟೇ.

ಕೊನೆಯ ವರ್ಷ ಕಾಲೇಜಿನವರು ಮಲ್ಪೆಗೆ ಕರೆದುಕೊಂಡು ಹೋಗಿದ್ದರು. ಸಮುದ್ರವನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಉಳಿದವರೆಲ್ಲ ಅಲೆಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ನಾನು ಭೂಗೋಳದ ಮೇಷ್ಟ್ರ ಜೊತೆ ಹೊಳೆಯೊಂದು ಸಮುದ್ರ ಸೇರುವ ಕಡೆ ನಿಂತಿದ್ದೆ. ಹೊಳೆ ಹಿಂದಕ್ಕೆ ಹರಿಯುತ್ತಿತ್ತು. ಒಂದು ತೆಂಗಿನ ಗರಿ ಸಮುದ್ರದ ಕಡೆಯಿಂದ ಊರಿನ ಕಡೆಗೆ ತೇಲುತ್ತಾ ಬಂತು. "ಈಗ ಉಬ್ಬರದ ಹೊತ್ತು. ಸಮುದ್ರ ತಳ್ಳುತ್ತೆ, ಹೊಳೆ ಜಾಗ ಬಿಡುತ್ತೆ. ಚಂದ್ರ ಅಲ್ಲಿಂದ ಎಳೆಯೋದು, ಇಲ್ಲಿ ಈ ಗರಿ ಹಿಂದಕ್ಕೆ ಬರೋದು" ಎಂದರು ಮೇಷ್ಟ್ರು. ನನಗೆ ಮೈ ಜುಮ್ಮೆಂದಿತು. ಅಷ್ಟು ದೊಡ್ಡ ಬಲ, ಅಷ್ಟು ಸದ್ದಿಲ್ಲದೆ.

ಊರಿಗೆ ಬಂದು ಅಜ್ಜಿಗೆ ಹೇಳಿದೆ. ಅಜ್ಜಿಯ ಹತ್ತಿರ ಮಾತ್ರ ನಾನು ಮಾತಾಡುತ್ತೇನೆ. ಅವಳು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಇದ್ನ ನೋಡಕೆ ಅಷ್ಟ್ ದೂರ ಓಗಿದ್ದಾ ಕೂಸೇ?" ಎಂದಳು. "ನಮ್ ಕಪಿಲೆ ಇಂದಕ್ಕೆ ಬರಲ್ವಾ? ಕಾವೇರಿ ಅಡ್ಡ ನಿಂತ್ರೆ ಬತ್ತಾಳೆ. ನೊರೆ ನಂಜನಗೂಡು ಕಡೀಕೆ ಓಗ್ತಾ ಇದ್ರೆ ಕಾವೇರಿ ಅಡ್ಡ ನಿಂತವ್ಳೆ ಅಂತ ಲೆಕ್ಕ. ನಿಮ್ ಸಮುದ್ರಕ್ಕೆ ಚಂದ್ರ ಬೇಕು. ನಮ್ಗೆ ಅಕ್ಕತಂಗೀರೇ ಸಾಕು."

ಆ ರಾತ್ರಿಯೇ ಹಳೆಯ ಡೈರಿಗಳನ್ನು ತಿರುವಿ ಹಾಕಿದೆ. ಮೂರು ಕಡೆ ಸಿಕ್ಕಿತು. ಮಳೆ ಇಲ್ಲ, ಕಬಿನಿಯಲ್ಲಿ ನೀರು ಕಡಿಮೆ ಮಾಡಿದ್ದಾರೆ, ನಮ್ಮ ಮೆಟ್ಟಿಲು ಮಾತ್ರ ಇಪ್ಪತ್ತಾರರಿಂದ ಇಪ್ಪತ್ತಮೂರಕ್ಕೆ ಬಂದಿದೆ. ಮೂರು ಸಲವೂ ಹಿಂದಿನ ರಾತ್ರಿ ಕೆಆರ್‌ಎಸ್‌ನಲ್ಲಿ ಗೇಟು ಎತ್ತಿದ್ದರು. ಸಣ್ಣ ಏರಿಕೆ, ಯಾರ ಮನೆಗೂ ಗೊತ್ತಾಗದಷ್ಟು. ಅಂಕಿಗಳ ಕೆಳಗೆ ಕೆಂಪು ಗೆರೆ ಎಳೆದು ಮಲಗಿದೆ.

ಈ ಆಗಸ್ಟಿನಲ್ಲಿ ವಯನಾಡಿನಲ್ಲೂ ಕೊಡಗಿನಲ್ಲೂ ಒಟ್ಟಿಗೇ ಸುರಿಯಿತು. ಮೊದಲು ತುಂಬಿದ್ದು ಕಬಿನಿ. ಎಪ್ಪತ್ತು ಸಾವಿರ ಕ್ಯೂಸೆಕ್ ಬಿಟ್ಟರು. ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪ ಮುಳುಗಿತು, ಮೈಸೂರು ರಸ್ತೆಗೆ ನೀರು ಬಂತು ಎಂದು ಫೋನುಗಳು ಹೇಳಿದವು. ಭಾನುವಾರ ಬೆಳಗ್ಗೆ ಹದಿನೆಂಟು ಒಣಗಿದ್ದದ್ದು ಸೋಮವಾರ ಏಳಕ್ಕೆ ಬಂತು. ಕೆಳಬೀದಿಯವರು ದನಕರು, ಟಿವಿ, ಸಿಲಿಂಡರ್, ಅಕ್ಕಿಮೂಟೆ ಸಮೇತ ದಿಬ್ಬದ ಮೇಲಿನ ಶಾಲೆಗೆ ಹೋದರು. ಮಂಗಳವಾರ ಆರು. ಅಲ್ಲಿಗೆ ನಿಂತಿತು.

ಆ ಮೂರು ದಿನ ನಾನು ಹೊಳೆಯನ್ನು ನೋಡಿದಷ್ಟು ಯಾವತ್ತೂ ನೋಡಿರಲಿಲ್ಲ. ಬೇರು ಸಮೇತ ಬಂದ ಹೊಂಗೆ ಮರವೊಂದು ಕಟ್ಟೆಯ ಮುಂದೆ ಎರಡು ಸುತ್ತು ತಿರುಗಿ ಹೋಯಿತು, ಯಾರೋ ಕೈಹಿಡಿದು ತಿರುಗಿಸಿದ ಹಾಗೆ. ಮೆಟ್ಟಿಲ ಮೇಲೆ ಅಂಗಾಲಿಟ್ಟರೆ ಕಲ್ಲು ಸಣ್ಣಗೆ ನಡುಗುವುದು ತಿಳಿಯುತ್ತಿತ್ತು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಹೆದರಿಕೆಯ ಜೊತೆ ಇನ್ನೊಂದೂ ಇತ್ತು. ಇದು ನಮ್ಮ ಹೊಳೆ, ಇಷ್ಟು ಬಲ ಇಟ್ಟುಕೊಂಡು ವರ್ಷವಿಡೀ ನನ್ನ ಕೊಡಕ್ಕೆ ಮೆತ್ತಗೆ ತುಂಬುತ್ತಿತ್ತಲ್ಲ ಎನ್ನುವ ಜಂಬ.

ಬುಧವಾರ ಬೆಳಗ್ಗೆ ಹತ್ತು ಒಣಗಿದ್ದವು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು. ಕಬಿನಿಯ ಹೊರಹರಿವು ಇಪ್ಪತ್ತು ಸಾವಿರಕ್ಕೆ ಇಳಿದಿದೆ ಎಂದು ಎಲ್ಲರ ಫೋನಿಗೂ ಬಂದಿತ್ತು. ಅದೇ ಫೋನಿನಲ್ಲಿ, ಇನ್ನೂ ಕೆಳಗೆ, ಯಾರೂ ಬೆರಳಿಡದ ಜಾಗದಲ್ಲಿ ಇನ್ನೊಂದು ಸಾಲಿತ್ತು. ಹಿಂದಿನ ರಾತ್ರಿ ಕೆಆರ್‌ಎಸ್‌ನಿಂದ ಕಾವೇರಿಗೆ ಒಂದು ಲಕ್ಷ ನಲವತ್ತು ಸಾವಿರ.

ನಾನು ಎರಡು ಅಂಕಿಗಳನ್ನೂ ಡೈರಿಯಲ್ಲಿ ಬರೆದು, ಕೆಂಪು ಗೆರೆಯ ಪುಟಗಳಿದ್ದ ಹಳೆಯ ಡೈರಿಯನ್ನೂ ಎತ್ತಿಕೊಂಡು ಶಾಲೆಗೆ ಓಡಿದೆ.

ಶಾಲೆಯ ಅಂಗಳದಲ್ಲಿ ಮನೆಗೆ ಹೊರಡುವ ಗಡಿಬಿಡಿ. ಅಪ್ಪ, ಶಿವಮಲ್ಲಪ್ಪ, ಮೂರು ದಿನದಿಂದ ಅಲ್ಲೇ ನಿಂತು ಅನ್ನ ಸಾರು ಮಾಡಿಸುತ್ತಿದ್ದವರು, ಕೊನೆಯ ಹಂಡೆ ಇಳಿಸುತ್ತಿದ್ದರು. ಕೆಳಬೀದಿಯ ಮುತ್ತಮ್ಮ ಬಾವುಟದ ಕಂಬಕ್ಕೆ ಕಟ್ಟಿದ್ದ ಗಬ್ಬದ ಹಸುವನ್ನು ಬಿಚ್ಚುತ್ತಾ, "ನಡಿಯವ್ವ, ಮನೀಗೋಗನ. ಈ ಎಡ್ಮಾಸ್ಟ್ರು ದಿನಕ್ಕೆ ನಾಕ್ ಸತಿ ಬಂದು ಆಗಸ್ಟ್ ಅದ್ನೈದು ಅದೆ, ಕಂಬ ಬಿಡಿ ಕಂಬ ಬಿಡಿ ಅಂತಾರೆ. ಇನ್ನೆರಡು ದಿನ ಇದ್ರೆ ನೀನೂ ಜನಗಣಮನ ಅಂತೀಯ" ಎಂದು ಹಸುವಿಗೆ ಹೇಳುತ್ತಿದ್ದರು. ಹಸು ಇವತ್ತೋ ನಾಳೆಯೋ ಈಯುವಂತಿತ್ತು. ಒಣಗಿದ ಕೊಟ್ಟಿಗೆ ಅದಕ್ಕೆ ಬೇಕಿತ್ತು.

ಎಲ್ಲರ ನಡುವೆ ರುದ್ರೇಶ್ ಚಿಕ್ಕಪ್ಪ. ಅಪ್ಪನ ಚಿಕ್ಕಪ್ಪನ ಮಗ, ಪಂಚಾಯ್ತಿ ಮೆಂಬರು. ಸೋಮವಾರ ಮುದುಕರನ್ನು ಬೆನ್ನ ಮೇಲೆ ಹೊತ್ತು ತಂದವರು ಅವರೇ. ಈಗ ವಾಪಸ್ಸು ಕಳಿಸಲು ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪಟ್ಟಿ.

"ಚಿಕ್ಕಪ್ಪ" ಎಂದೆ. ಕೇಳಿಸಲಿಲ್ಲ. ಇನ್ನೊಂದು ಸಲ ಅಂದೆ. ಮೂರನೆಯ ಸಲ ಮುತ್ತಮ್ಮ ಕೇಳಿಸಿಕೊಂಡು, "ಮೆಂಬರ್ರೇ, ಕೂಸು ಕರೀತಾದೆ" ಎಂದರು.

"ಅಯ್ಯೋ! ನಮ್ ನಯನ ಮಾತಾಡ್ತಾ ಅವ್ಳೆ! ಲೋ, ಯಾರಾದ್ರೂ ಮೈಕ್ ತನ್ನಿ ಕಣ್ರೋ" ಎಂದರು ಚಿಕ್ಕಪ್ಪ. ಅಂಗಳ ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

"ಯಾರೂ ಮನೆಗೆ ಹೋಗೋದು ಬೇಡ. ಸಂಜೆ ನೀರು ಮತ್ತೆ ಬರುತ್ತೆ" ಎಂದೆ.

"ಎಲ್ಲಿಂದ ಬತ್ತದೆ? ಕಬಿನೀಲಿ ಬಿಡೋದೇ ನಿಲ್ಸವ್ರೆ."

"ಕಾವೇರಿಯಿಂದ. ಕೆಆರ್‌ಎಸ್‌ನಲ್ಲಿ..."

"ಅದು ಆಚೆ ಒಳೆ ಕಣಮ್ಮ" ಎಂದರು ಚಿಕ್ಕಪ್ಪ, ಮಗುವಿಗೆ ಹೇಳುವ ಹಾಗೆ. "ಶ್ರೀರಂಗಪಟ್ಟಣದೋರು ಎದುರ್ಕೊಳ್ಳಿ, ಬನ್ನೂರು ಕಡೆಯೋರು ಎದುರ್ಕೊಳ್ಳಿ. ನಮ್ಗೇನು? ನಾವು ಕಪಿಲೆ ನೀರು ಕುಡಿಯೋರು."

ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಅವರದು ತಪ್ಪು ಎಂದು ಹೇಗೆ ಹೇಳಲಿ? ನಮ್ಮೂರಿನಲ್ಲಿ ಹುಟ್ಟಿದ ಯಾರಿಗಾದರೂ ನೀರು ಮೇಲಿನಿಂದ, ನಂಜನಗೂಡಿನ ಕಡೆಯಿಂದ ಬರುವುದು. ಕೆಳಗಿನ ನರಸೀಪುರ ನೀರು ಹೋಗುವ ದಿಕ್ಕು. ಹೋಗುವ ದಿಕ್ಕನ್ನು ಯಾರು ತಿರುಗಿ ನೋಡುತ್ತಾರೆ?

ಮಾತು ಸಿಗದೆ ಹಳೆಯ ಡೈರಿ ತೆಗೆದು ಚಿಕ್ಕಪ್ಪನ ಮುಂದೆ ಹಿಡಿದೆ. "ಇಲ್ಲಿ ಬರೆದಿದೆ. ಹಿಂದೆ ಮೂರು ಸಲ ಹೀಗಾಗಿದೆ. ಓದಿ."

ಅದೇ ನಾನು ಮಾಡಿದ ತಪ್ಪು. ಚಿಕ್ಕಪ್ಪನಿಗೆ ಏನನ್ನೇ ಓದಿದರೂ ಸಭೆಗೆ ಕೇಳುವ ಹಾಗೆ ಓದಿ ಅಭ್ಯಾಸ. ಅಂಕಿಯನ್ನು ಬಿಟ್ಟು ಕೆಳಗಿನ ಸಾಲಿಗೆ ಕಣ್ಣು ಹಾಕಿ ಗಟ್ಟಿಯಾಗಿ ಶುರು ಮಾಡಿಯೇಬಿಟ್ಟರು. "ಇಪ್ಪತ್ಮೂರು. ಇವತ್ತು ರುದ್ರೇಶ್ ಚಿಕ್ಕಪ್ಪ ಗುಡಿಯ ಮುಂದೆ ಎರಡು ಗಂಟೆ ಮಾತಾಡಿದರು. ಒಂದು ವಿಷಯವೂ ಇರ..."

ಅಲ್ಲಿಗೆ ನಿಲ್ಲಿಸಿದರು. ತಡವಾಗಿತ್ತು. ಅಂಗಳ ಗೊಳ್ಳೆಂದಿತು. "ದಿಟವಾಗ್ಲೂ ಬರ್ದದೆ ಕೂಸು!" ಎಂದು ಮುತ್ತಮ್ಮ ಹಸುವಿನ ಬೆನ್ನಿಗೆ ಒರಗಿಕೊಂಡು ನಕ್ಕರು. ನಾನು ಭೂಮಿ ಬಾಯಿ ಬಿಡಲಿ ಎಂದು ನಿಂತಿದ್ದೆ.

ಚಿಕ್ಕಪ್ಪ ಡೈರಿ ಮುಚ್ಚಿ ನನ್ನ ಕೈಗಿಟ್ಟರು. "ಡೈರಿ ನೋಡ್ಕಂಡು ಒಳೆ ಅರಿಯಲ್ಲ ಕಣಮ್ಮ" ಎಂದು ಆಚೆ ತಿರುಗಿ, "ಏನ್ರೋ ನಗ್ತಾ ನಿಂತಿದ್ದೀರಿ? ಎತ್ತಿ ಮೂಟೆಯ. ಒತ್ತು ಮುಳುಗೋಕ್ ಮುಂಚೆ ಮನೆ ಸೇರ್ಕಳಿ" ಎಂದು ರೇಗಿದರು. ಅಪ್ಪ ಹತ್ತಿರ ಬಂದು, "ಮನೆಗ್ ಹೋಗು ಮಗಾ. ನಾನು ಆಮೇಲೆ ಮಾತಾಡ್ತೀನಿ" ಎಂದರು ಮೆಲ್ಲಗೆ. ಆಮೇಲೆ ಎಂದರೆ ತಡವಾಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಡೈರಿಯ ಕಥೆ ಕೇಳಿ ಅವಳ ಹೊಟ್ಟೆ ಕುಲುಕಿತು, ಆದರೆ ನಗಲಿಲ್ಲ.

"ಎಷ್ಟು ಒಣಗದೆ ಈಗ?"

"ಮಧ್ಯಾಹ್ನ ಹನ್ನೆರಡಿತ್ತು."

"ನೊರೆ ಯಾವ್ ಕಡೀಕೆ ಓಗ್ತಾದೆ?"

ನೋಡಿರಲಿಲ್ಲ. ತಲೆ ತಗ್ಗಿಸಿದೆ.

"ಓಗ್ ನೋಡು. ಇಂದಕ್ಕೆ ಓಗ್ತಾ ಇದ್ರೆ ಯಾರ್ ಅತ್ರನೂ ಓಗಿ ಏಳ್ಬೇಡ. ಮೆಂಬರ್ ಅತ್ರನೂ ಬೇಡ, ನಿಮ್ಮಪ್ಪನ್ ಅತ್ರನೂ ಬೇಡ. ಕಟ್ಟೆ ಮೇಲೆ ನಿಂತ್ಕಂಡು ಬಸವಣ್ಣಂಗೆ ಏಳು. ಅವ್ನಿಗ್ ಏಳೋದೇ ನಮ್ ಕೆಲ್ಸ. ಕೇಳಿಸ್ಕಳೋರು ಕೇಳಿಸ್ಕತಾರೆ."

"ನನ್ನ ಕೈಲಿ ಆಗಲ್ಲ ಅಜ್ಜಿ."

"ನಂಗೂ ಆಗ್ತಿರ್ನಿಲ್ಲ" ಎಂದಳು. "ಮದ್ವೆ ಆಗಿ ಬಂದಾಗ ಅದ್ನಾರು ವರ್ಷ. ಮೊದಲ್ನೆ ದಿನ ಕೂಗ್ದೇನೇ ವಾಪಸ್ ಬಂದೆ. ನಮ್ಮತ್ತೆ ಕೊಡ ಕಿತ್ಕಂಡು ನೀರು ಚೆಲ್ಲಿ, ಓಗಿ ಇನ್ನೊಂದ್ಸತಿ ತಾ ಅಂದ್ರು. ಏಳ್ ಸತಿ ತಂದೆ. ಏಳ್ನೇದಕ್ಕೆ ಸಿಟ್ಟು ಬಂತು. ಆ ಸಿಟ್ನಲ್ಲಿ ಕೂಗ್ದೋಳು ನಲ್ವತ್ತಾರು ವರ್ಷ ನಿಲ್ಸನಿಲ್ಲ."

ಇದನ್ನು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. ಏಳು ವರ್ಷದಿಂದ ನಾನು ಕೂಗದೆ ಇದ್ದದ್ದು ಅವಳಿಗೆ ದಿನಾ ಕೇಳಿಸುತ್ತಿತ್ತು. ಒಂದು ಮಾತೂ ಅಂದಿರಲಿಲ್ಲ.

ಕಟ್ಟೆಗೆ ಬಂದಾಗ ಎರಡೂವರೆ. ಇಳಿಯುತ್ತಾ ಎಣಿಸಿದೆ. ಹನ್ನೊಂದು. ಮಧ್ಯಾಹ್ನ ನಾನು ನಿಂತಿದ್ದ ಹನ್ನೆರಡನೆಯ ಮೆಟ್ಟಿಲು ನೀರಿನಡಿ ಮಸುಕಾಗಿ ಕಾಣುತ್ತಿತ್ತು. ಒಂದೇ ಮೆಟ್ಟಿಲು. ಒಂದು ಮೆಟ್ಟಿಲಿಗೆ ಯಾರು ಹೆದರುತ್ತಾರೆ?

ಆದರೆ ಹೊಳೆಯ ಸದ್ದು ನಿಂತಿತ್ತು. ಮೂರು ದಿನ ಕಿವಿಯಲ್ಲಿ ಗುಂಯ್‌ಗುಡುತ್ತಿದ್ದದ್ದು ಇಲ್ಲ. ನಡುಹೊಳೆಯಲ್ಲಿ ನೀರು ಹರಿಯಲೋ ಬೇಡವೋ ಎಂದು ಯೋಚಿಸುತ್ತಿರುವ ಹಾಗೆ ಅಗಲವಾಗಿ, ನುಣ್ಣಗೆ ನಿಂತಿತ್ತು. ದಡದ ಅಂಚಿನಲ್ಲಿ ನೊರೆಯ ಒಂದು ಉದ್ದನೆಯ ಪಟ್ಟಿ, ಅದರ ಜೊತೆ ಅಂತರಗಂಗೆಯ ಎರಡು ಗೊಂಚಲು, ಒಂದು ಪ್ಲಾಸ್ಟಿಕ್ ಬಾಟಲಿ. ಮೆಲ್ಲಗೆ, ಏನೂ ಅವಸರವಿಲ್ಲದೆ, ಅವೆಲ್ಲ ನಂಜನಗೂಡಿನ ಕಡೆಗೆ ಹೊರಟಿದ್ದವು.

ಮಲ್ಪೆಯ ತೆಂಗಿನ ಗರಿ ನೆನಪಾಯಿತು. ಕಣ್ಣಿಗೆ ಕಾಣದ ನಾಲ್ಕು ಕಿಲೋಮೀಟರ್ ದೂರದಲ್ಲಿ ಕೊಡಗಿನ ಮಳೆಯೆಲ್ಲ ಬಂದು ನಿಂತು, ಸಂಗಮದ ಬಾಗಿಲಿಗೆ ಭುಜ ಕೊಟ್ಟು ತಳ್ಳುತ್ತಿತ್ತು. ಕಪಿಲೆ ಹೋಗಲು ಜಾಗವಿಲ್ಲದೆ ತಾನು ಬಂದ ದಾರಿಯಲ್ಲೇ ಏರುತ್ತಿದ್ದಳು.

ಎಡಕ್ಕೆ ತಿರುಗಿದರೆ ಕೆಳಬೀದಿ. ಬೀದಿಯ ಬಾಯಲ್ಲಿ ಮುತ್ತಮ್ಮ ಹಸು ಹಿಡಿದುಕೊಂಡು ಬರುತ್ತಿದ್ದರು. ಹಿಂದೆ ಮಕ್ಕಳು, ಮೂಟೆಗಳು, ತಳ್ಳುಗಾಡಿಯಲ್ಲಿ ಟಿವಿ.

ಬಾಯಿ ತೆರೆದೆ. ಸಣ್ಣಗೆ ಏನೋ ಬಂತು, ನನಗೇ ಕೇಳಿಸದಷ್ಟು. ಅಂಗಳದ ನಗು ಮತ್ತೆ ಕೇಳಿಸಿದ ಹಾಗಾಯಿತು. ಆಗ ನನಗೂ ಸಿಟ್ಟು ಬಂತು. ಚಿಕ್ಕಪ್ಪನ ಮೇಲಲ್ಲ. ಏಳು ವರ್ಷ ಈ ಕಲ್ಲಿನ ಮೇಲೆ ಬಾಯಿ ಮುಚ್ಚಿಕೊಂಡು ನಿಂತವಳ ಮೇಲೆ. ಆ ಏಳು ವರ್ಷ ನಾನು ಕೂಗಿದ್ದಿದ್ದರೆ ಇವರು ಈಗ ಕಿವಿ ಕೊಡುತ್ತಿದ್ದರು.

"ಬಸವಣ್ಣೋ... ಹನ್ನೊಂದು ಒಣಾ..."

ನನ್ನದೇ ದನಿ ಎಂದು ನಂಬಿಕೆಯಾಗಲಿಲ್ಲ. ಹೊಳೆ ನಿಶ್ಶಬ್ದವಾಗಿತ್ತಲ್ಲ, ಕೂಗು ನೀರಿನ ಮೇಲೆ ಜಾರಿ ಎದುರು ದಡಕ್ಕೆ ತಾಗಿ ತಿರುಗಿ ಬಂತು. ರಾಗ ಅಜ್ಜಿಯದೇ. ಕಲಿತದ್ದು ಯಾವಾಗ ಎಂದು ಗೊತ್ತಿಲ್ಲ.

"ಬಸವಣ್ಣೋ... ಹೊಳೆ ಹಿಂದಕ್ಕೆ ಬತ್ತಾದೆ... ಕಾವೇರಿ ಅಡ್ಡ ನಿಂತವ್ಳೆ..."

ಗುಡಿಯೊಳಗೆ ಏನೋ ಬಿದ್ದ ಸದ್ದಾಯಿತು. ಆಮೇಲೆ ಗಂಟೆ. ಒಂದಲ್ಲ, ಎರಡಲ್ಲ, ತಮ್ಮಡಪ್ಪ ಬಾರಿಸುತ್ತಲೇ ಇದ್ದರು.

ಕೆಳಬೀದಿಯ ಬಾಯಲ್ಲಿ ಮುತ್ತಮ್ಮ ನಿಂತುಬಿಟ್ಟರು. ಹಸು ಮುಂದಕ್ಕೆ ಎಳೆಯಿತು, ಅವರು ಹಗ್ಗ ಬಿಗಿ ಹಿಡಿದರು. "ಸಿದ್ಲಿಂಗವ್ವಾರ ಕೂಗು ಕಣ್ರೋ!" ಎಂದರು. ಹಿಂದೆ ಬರುತ್ತಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ನಿಂತರು.

"ಅಜ್ಜಿ ಅಲ್ಲ ಕಣಕ್ಕ, ನಯನ" ಎಂದರು ಯಾರೋ.

"ಯಾರಾದ್ರೇನು? ಕೂಗು ಅದೇ ಅಲ್ವಾ? ನಾನು ಮದ್ವೆ ಆಗಿ ಬಂದಾಗ್ಲಿಂದ ಆ ಕೂಗ್ಗೇ ಎದ್ದೋಳು. ಒಂದ್ ದಿನ ಸುಳ್ ಏಳಿಲ್ಲ ಅದು. ತಿರುಗ್ಸಿ ಗಾಡಿಯ!"

ಗಂಟೆ ಕೇಳಿ ರುದ್ರೇಶ್ ಚಿಕ್ಕಪ್ಪ ಓಡಿ ಬಂದರು. ಅವರ ಹಿಂದೆ ಅಪ್ಪ, ಅಪ್ಪನ ಬೆನ್ನಿಗೇ, ಒಂದು ಕಾಲದಲ್ಲಿ ತೆಪ್ಪ ಹಾಕುತ್ತಿದ್ದ ಮುದುಕ ಜವರಯ್ಯ. ಸೇತುವೆ ಬಂದ ಮೇಲೆ ಅವರ ತೆಪ್ಪ ಜಗಲಿಯಲ್ಲಿ ಕೋಳಿ ಮುಚ್ಚುವ ಬುಟ್ಟಿಯಾಗಿತ್ತು.

"ಏನಮ್ಮ ಇದು? ಜನ್ರನ್ನ ಎದ್ರುಸ್ತಾ ಇದ್ದೀಯ?" ಎನ್ನುತ್ತಾ ಚಿಕ್ಕಪ್ಪ ದಡದಡ ಮೆಟ್ಟಿಲಿಳಿದರು. "ಎಲ್ ಬಂದದೆ ನೀರು? ಅನ್ನೊಂದ್ ಮೆಟ್ಲು ಒಣಗದೆ, ಕಣ್ಗೆ ಕಾಣ್ತಾ ಇಲ್ವಾ?"

"ಕಟ್ಟೆಗೆ ಚಪ್ಲಿ ಮೆಟ್ಕಂಡು ಇಳಿದ್ರಲ್ಲಾ ಮೆಂಬರ್ರೇ!" ಎಂದು ಮೇಲಿನಿಂದ ಮುತ್ತಮ್ಮ ಕೂಗಿದರು.

ಚಿಕ್ಕಪ್ಪ ಬೆಚ್ಚಿ ಕಾಲು ನೋಡಿಕೊಂಡರು. ಅವಸರದಲ್ಲಿ ಮರೆತಿದ್ದರು. ಒಂದು ಚಪ್ಪಲಿ ಕಳಚಿದರು. ಇನ್ನೊಂದನ್ನು ಕಳಚುವಾಗ ಪಾಚಿಯ ಮೇಲೆ ಕಾಲು ಜಾರಿ, ನಾನು ತೋಳು ಹಿಡಿಯುವಷ್ಟರಲ್ಲಿ ಆ ಚಪ್ಪಲಿ ನೀರಿಗೆ ಹಾರಿತು.

ಎಲ್ಲರೂ ನೋಡಿದೆವು. ಚಪ್ಪಲಿ ಒಂದು ಸುತ್ತು ತಿರುಗಿತು. ನರಸೀಪುರದ ಕಡೆಗೆ ಹೋಗಲಿಲ್ಲ. ನೊರೆಯ ಪಟ್ಟಿಯನ್ನು ಸೇರಿಕೊಂಡು ನೆಟ್ಟಗೆ ಮೇಲಕ್ಕೆ, ಹೊಳೆ ಬಂದ ದಿಕ್ಕಿಗೆ, ಹೊರಟಿತು.



"ಮೆಂಬರ್ರ ಚಪ್ಲಿ ಟಿಕೀಟಿಲ್ದೆ ನಂಜನಗೂಡಿಗೆ ಒಂಟೋಯ್ತು ಕಣ್ರಪ್ಪ" ಎಂದರು ಜವರಯ್ಯ. ಆದರೆ ಅವರ ನಗು ಅಲ್ಲಿಗೇ ನಿಂತಿತು. ಅವರು ಕೂತು ನೀರಿಗೆ ಅಂಗೈ ಇಟ್ಟರು. "ದಿಟ ಕಣ್ರೀ. ತಳ್ತಾ ಅವ್ಳೆ. ನನ್ನ ತೆಪ್ಪ ಒಂದ್ಸತಿ ಇಂಗೇ ತಿರುಗಿತ್ತು, ನಮ್ಮಪ್ಪ ಇದ್ದಾಗ. ಮರ್ತೇ ಓಗಿದ್ದೆ ನಾನು. ಥೂ, ಮರ್ತೇ ಓಗಿದ್ದೆ."

ಚಿಕ್ಕಪ್ಪ ಒಂದೇ ಚಪ್ಪಲಿ ಕೈಯಲ್ಲಿ ಹಿಡಿದು ಹೊಳೆಯನ್ನು ನೋಡಿದರು. ನನ್ನನ್ನು ನೋಡಿದರು. ಅವರು ಮಾತಿಗೆ ತಡವರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಎಷ್ಟ್ ಒತ್ತು ಅದೆ ನಮ್ಗೆ?"

"ಗೊತ್ತಿಲ್ಲ ಚಿಕ್ಕಪ್ಪ. ಐದು ಗಂಟೆಯೊಳಗೆ ಬೀದಿ ಖಾಲಿ ಇರಬೇಕು."

"ಇನ್ನೊಂದ್ಸತಿ ಕೂಗು" ಎಂದರು. "ಇನ್ನೂ ಜೋರಾಗಿ." ಎಂದವರೇ ಬರಿಗಾಲಲ್ಲಿ ಮೇಲಕ್ಕೋಡಿದರು. ಆಗಲೇ ಮನೆಯೊಳಗೆ ಹೋಗಿ ಒಲೆ ಹಚ್ಚಿದ್ದ ನಾಲ್ಕು ಮನೆಯವರನ್ನು ಅವರೇ ಕದ ತಟ್ಟಿ ಎಬ್ಬಿಸಿದರು. ಹೊರಡುವುದಿಲ್ಲ ಎಂದ ಮುದುಕಿಯೊಬ್ಬಳನ್ನು ಎರಡನೆಯ ಸಲ ಬೆನ್ನ ಮೇಲೆ ಹೊತ್ತರು. ಅಪ್ಪ, ಇಳಿಸಿದ್ದ ಹಂಡೆಯನ್ನು ಮತ್ತೆ ಒಲೆಯ ಮೇಲಿಡಿಸಲು ಹೊರಟವರು, ಅರ್ಧ ದಾರಿಯಿಂದ ತಿರುಗಿ ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ನಾನು ಅಲ್ಲೇ ನಿಂತು ಕೂಗಿದೆ. ಪ್ರತಿ ಮೆಟ್ಟಿಲಿಗೂ. ಹತ್ತು. ಒಂಬತ್ತು. ಗಂಟೆ ಉತ್ತರ ಕೊಟ್ಟಿತು. ಏಳು ಎಂದು ಕೂಗಿದಾಗ ನನ್ನ ಗಂಟಲು ಒಡೆದಿತ್ತು. ಬೀದಿಯಲ್ಲಿ ಒಂದು ಕೋಳಿಯೂ ಉಳಿದಿರಲಿಲ್ಲ.

ಹೊತ್ತು ಮುಳುಗುವಾಗ ಮೂರು. ಶಾಲೆಯ ದಿಬ್ಬದಿಂದ ನಾವೆಲ್ಲ ನೋಡುತ್ತಾ ನಿಂತೆವು. ಅಬ್ಬರವಿಲ್ಲ, ಅಲೆಯಿಲ್ಲ. ನೀರು ಕೆಳಬೀದಿಯೊಳಕ್ಕೆ ನೆಂಟರ ಹಾಗೆ ನಡೆದುಕೊಂಡು ಬಂತು. ಪ್ರತಿ ಹೊಸಿಲನ್ನೂ ದಾಟಿತು. ಸೊಂಟದುದ್ದಕ್ಕೆ ಏರಿತು. ಖಾಲಿ ಮನೆಗಳು, ಖಾಲಿ ಕೊಟ್ಟಿಗೆಗಳು. ಮೂವತ್ತು ಮನೆಯ ಜನವೂ ದಿಬ್ಬದ ಮೇಲಿದ್ದರು. ಯಾರೂ ಅಳುತ್ತಿರಲಿಲ್ಲ. "ನೋಡ್ಲಾ, ಎಂಗೆ ಬತ್ತಾಳೆ! ಎರಡು ಒಳೇನೂ ಒಂದೇ ಊರ್ಗೆ ಬಂದವೆ ಅಂದ್ರೆ ಸಾಮಾನ್ಯವಾ?" ಎಂದು ಜವರಯ್ಯ ಮೊಮ್ಮಗನಿಗೆ ತೋರಿಸುತ್ತಿದ್ದರು, ತಮ್ಮದೇ ಮನೆ ಮುಳುಗುತ್ತಿದ್ದದ್ದನ್ನು ಮರೆತವರ ಹಾಗೆ. ಮುತ್ತಮ್ಮನ ಹಸು ಕತ್ತಲಾಗುವ ಮೊದಲೇ ಶಾಲೆಯ ಜಗಲಿಯಲ್ಲಿ ಹೆಣ್ಣುಗರು ಈಯಿತು. ಹೆಡ್‌ಮಾಸ್ಟರೇ ಗೋಣಿಚೀಲ ಹಾಸಿದರಂತೆ.

ಬೆಳಗ್ಗೆ ಅಜ್ಜಿ, "ನನ್ನ ಕಟ್ಟೆ ತಾವ ಕರ್ಕಂಡೋಗಿ" ಎಂದು ಹಟ ಹಿಡಿದಳು. ಅಪ್ಪ ಮತ್ತು ಚಿಕ್ಕಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಚಿಕ್ಕಪ್ಪನ ಕಾಲಲ್ಲಿ ಹೊಸ ಚಪ್ಪಲಿ. ಗುಡಿಯ ಮುಂದೆ ಮರೆಯದೆ ಕಳಚಿಟ್ಟರು. ಹಿಂದೆಯೇ ಶಾಲೆಯಲ್ಲಿದ್ದವರೆಲ್ಲ ಬಂದರು. ನಾನು ಕೊಡ ಹಿಡಿದು ಮುಂದೆ ಹೋದೆ.

ನಲವತ್ತು ಮೆಟ್ಟಿಲು ನೀರಿನಡಿ ಇದ್ದವು. ಮೇಲಿನ ಒಂದೇ ಒಂದು ಕಲ್ಲು ಒಣಗಿತ್ತು. ಅಜ್ಜಿಯನ್ನು ಅದರ ಮೇಲೆ ಇಳಿಸಿದರು. ಅವಳು ಸೆರಗು ಹೊದ್ದು, ಪಾದ ಎರಡನ್ನೂ ನೀರಿಗಿಟ್ಟು ಕೂತಳು. ಏಳು ವರ್ಷದ ಮೇಲೆ ಹೊಳೆಯೇ ಅವಳ ಹತ್ತಿರ ಬಂದಿತ್ತು.

"ಏನ್ ಬಲನೋ ಇವ್ಳದು" ಎಂದಳು, ಯಾರಿಗೋ ಹೇಳುವ ಹಾಗೆ, ಮೊಮ್ಮಗಳ ಬಗ್ಗೆ ಹೇಳುವ ದನಿಯಲ್ಲಿ. ಹೊಳೆಯ ಮಾತೇ ಇರಬೇಕು.

ನಾನು ಬಗ್ಗಿ ಕೊಡ ತುಂಬಿದೆ. ನೀರು ಎಂದಿನ ಹಾಗೇ ಮೆತ್ತಗೆ ತುಂಬಿಕೊಂಡಿತು. ಎದ್ದು ನಿಂತಾಗ ಬೆನ್ನ ಹಿಂದೆ ಇಡೀ ಕೆಳಬೀದಿ ಸುಮ್ಮನೆ ನಿಂತಿತ್ತು. ಇಷ್ಟು ಜನ ನನ್ನ ಬಾಯನ್ನು ಕಾಯುತ್ತಾ ನಿಂತದ್ದು ಇದೇ ಮೊದಲು. ಕಿವಿ ಬಿಸಿಯಾಯಿತು. ಅದು ಹೋಗುವುದಿಲ್ಲ, ನನಗೆ ಗೊತ್ತು.

ಗುಡಿಯೊಳಗಿಂದ ತಮ್ಮಡಪ್ಪ ಕೇಳಿದರು, "ಎಷ್ಟಮ್ಮಾ?"

ಕೊಡವನ್ನು ಸೊಂಟಕ್ಕೇರಿಸಿ, ಎದುರು ದಡ ಎಲ್ಲಿದೆ ಎಂದು ಕಾಣದ ಆ ನೀರಿನ ಕಡೆ ಮುಖ ಮಾಡಿ, ಒಡೆದ ಗಂಟಲಿನಲ್ಲೇ ಉದ್ದಕ್ಕೆ ಎಳೆದೆ.

"ಬಸವಣ್ಣೋ... ಒಂದು ಒಣಾ... ಅಜ್ಜಿ ಕೂತವ್ಳೆ..."